ಎಲ್.ಕೆ.ಜಿ. ಇಂಟರ್ವ್ಯೂಗೆ ನಾನು ತಯಾರಾದ ವರ್ಷ

ಆ ದಿನ ಏನೇನು ಕೆಡಬಹುದು ಎಂಬ ಪಟ್ಟಿ ನನ್ನ ತಲೆಯಲ್ಲಿ ಒಂದು ವಾರ ಮೊದಲೇ ಸಿದ್ಧವಾಗಿತ್ತು. ಯಡಿಯೂರು ಕೆರೆಯ ಹತ್ತಿರದ ಏರಿನಲ್ಲಿ ಸೈಕಲ್ಲಿನ ಚೈನು ಕಳಚಿಕೊಳ್ಳಬಹುದು, ಅದನ್ನು ಕೂರಿಸಲು ಹೋಗಿ ನನ್ನ ಬಿಳಿ ಶರ್ಟಿಗೆ ಗ್ರೀಸು ಮೆತ್ತಬಹುದು. ಮಗಳಿಗೆ ಬೆಳಗ್ಗೆ ಜ್ವರ ಬರಬಹುದು. ಏಪ್ರಿಲ್ ತಿಂಗಳಾದ್ದರಿಂದ ಜ್ವರ ಬಿಟ್ಟು ಸೀತಾಳೆ ಸಿಡುಬೇ ಬರಬಹುದು. ಹೆಡ್‌ಮಿಸ್ಟ್ರೆಸ್ಸರು ಹೆಸರು ಕೇಳಿದರೆ ಅವಳು ನನ್ನ ಪ್ಯಾಂಟಿನಲ್ಲಿ ಮುಖ ಹುದುಗಿಸಬಹುದು. ನನ್ನ ಪ್ಯಾಂಟು ಹೊರಗೇ ಇರಬೇಕಾದ ನಿಯಮವಿದ್ದರೆ ಹೆಡ್‌ಮಿಸ್ಟ್ರೆಸ್ಸರ ಸೀರೆಯಲ್ಲೇ ಹುದುಗಿಸಬಹುದು. ಕುರ್ಚಿಯನ್ನು ಒದ್ದೆ ಮಾಡಬಹುದು. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಎಂದರೆ ಅರ್ಧ ಇಂಚು ಸಾಲದೆ ಹೋಗಬಹುದು. ಎಲ್ಲ ಪ್ರಶ್ನೆಗೂ ಬಾಯಿ ಮುಚ್ಚಿಕೊಂಡಿದ್ದು, ಕೊನೆಗೆ ಬಾಯಿ ತೆರೆದು, ನಮ್ಮಪ್ಪ ಮನೆ ಓನರ್ ಬಂದಾಗ ಬಚ್ಚಲಮನೆಯಲ್ಲಿ ಬಚ್ಚಿಟ್ಟುಕೊಳ್ಳುತ್ತಾರೆ ಎಂದು ಹೇಳಬಹುದು. ಸೀಟು ತಪ್ಪಬಹುದು. ಎಲ್.ಕೆ.ಜಿ. ತಪ್ಪಿದರೆ ಒಂದನೇ ಕ್ಲಾಸು ತಪ್ಪುತ್ತದೆ, ಒಂದನೇ ಕ್ಲಾಸು ತಪ್ಪಿದರೆ ಎಸ್ಸೆಸ್ಸೆಲ್ಸಿ ಎಲ್ಲಿಂದ ಬರಬೇಕು. ಒಟ್ಟಿನಲ್ಲಿ ಮೂವತ್ತು ವರ್ಷದ ನಂತರ ಅವಳು ನನ್ನದೇ ಕಚೇರಿಯಲ್ಲಿ, ನನ್ನದೇ ಕಾಲು ಮುರಿದ ಮೇಜಿನ ಮುಂದೆ, ನಾನು ಬಿಟ್ಟುಹೋದ ಫೈಲುಗಳನ್ನೇ ಕಟ್ಟುತ್ತ ಕೂತಿರಬಹುದು.

ಇವುಗಳಲ್ಲಿ ಒಂದೂ ಆಗಲಿಲ್ಲ. ಕೆಟ್ಟದ್ದು ಒಂದೇ ಒಂದು, ಅದೂ ಸಣ್ಣದು. ಅದು ಪಟ್ಟಿಯಲ್ಲೇ ಇರಲಿಲ್ಲ.

ಎಂಬತ್ತರ ದಶಕದ ನಡುಭಾಗ. ನಾವು ಬನಶಂಕರಿ ಎರಡನೇ ಹಂತದಲ್ಲಿ ಬಾಡಿಗೆಗಿದ್ದೆವು. ನಾನು ಒಂದು ಸರ್ಕಾರಿ ಕಚೇರಿಯ ಗುಮಾಸ್ತ. ನನ್ನ ಹೆಂಡತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು, ವಾರಕ್ಕೊಂದು ಶಿಫ್ಟು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಒಬ್ಬಳೇ ಮಗಳು. ಆ ಒಂಬತ್ತು ವರ್ಷ ಮಗುವಿಲ್ಲ ಎಂದು ಚಿಂತೆ ಮಾಡಿದ್ದೆ; ಹುಟ್ಟಿದ ಮೇಲೆ ಆ ಚಿಂತೆಯನ್ನು ಸುಮ್ಮನೆ ಬಿಟ್ಟುಬಿಡಲು ಮನಸ್ಸಾಗಲಿಲ್ಲ, ಮಗುವಿನ ಹೆಸರಿಗೆ ವರ್ಗಾಯಿಸಿದೆ.

ಚಿಂತೆಗೆ ಕಾರಣವೂ ಇತ್ತು ಅನ್ನಿ. ಮೂರೂವರೆ ವರ್ಷದ ಮಗಳು ಮನೆಯೊಳಗೆ ಅರಳು ಹುರಿದ ಹಾಗೆ ಮಾತಾಡುತ್ತಿದ್ದಳು. ಹೊಸಿಲಿನಾಚೆ ಒಂದು ಅಪರಿಚಿತ ಮುಖ ಕಂಡರೆ ಮುಗಿಯಿತು. ಹಾಲಿನವನು, ಎದುರುಮನೆಯ ಅಜ್ಜಿ, ಬಸ್ ಕಂಡಕ್ಟರು, ಯಾರು ಕೇಳಿದರೂ ಒಂದಕ್ಷರ ಹೊರಡುತ್ತಿರಲಿಲ್ಲ. ನನ್ನ ಕಾಲನ್ನು ತಬ್ಬಿಕೊಂಡು ಮುಖ ಮರೆಸಿಬಿಡುತ್ತಿದ್ದಳು. ಮುಂದಿನ ವರ್ಷ ಜಯನಗರದ ಒಂದು ಶಾಲೆಗೆ ಸೇರಿಸಬೇಕು ಎಂಬುದು ನಮ್ಮ ಆಸೆ. ಅಲ್ಲಿ ಮಗುವನ್ನು ಒಂಟಿಯಾಗಿ ಒಳಗೆ ಕರೆದು ಮಾತಾಡಿಸುತ್ತಾರೆ, ಅಪ್ಪ ಅಮ್ಮ ಹೊರಗಿರಬೇಕು ಎಂದು ಕೇಳಿದ ದಿನದಿಂದ ನನಗೆ ಊಟ ರುಚಿಸುತ್ತಿರಲಿಲ್ಲ.

ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಸಹೋದ್ಯೋಗಿಗೂ ಅದೇ ವಯಸ್ಸಿನ ಮಗ. ಅವನನ್ನು ಜಯನಗರದಲ್ಲೇ ಒಂದು ನರ್ಸರಿಗೆ ಹಾಕಿದ್ದರು. ಅಲ್ಲಿ ಟೈ, ಬೂಟು, ಹೋಮ್‌ವರ್ಕು.

"ನಮ್ಮೋನು ಎ ಬಿ ಸಿ ಡೀಲಿ ಆಗ್ಲೇ ಕ್ಯೂ ದಾಟಿದ ಗುರು," ಎಂದು ಒಂದು ಸೋಮವಾರ ಫೈಲಿನಿಂದ ತಲೆ ಎತ್ತದೆ ಹೇಳಿದ. "ನಿಮ್ಮ ಹುಡುಗಿ ಎಲ್ಲೀವರೆಗೆ ಬಂದಿದಾಳೆ?"

ಉತ್ತರಹಳ್ಳಿ ಬಸ್ಸು ಎಲ್ಲಿಯವರೆಗೆ ಬಂತು ಎಂದು ಕೇಳಿದಂತಿತ್ತು. ನಮ್ಮ ಬಸ್ಸು ಇನ್ನೂ ಸ್ಟ್ಯಾಂಡೇ ಬಿಟ್ಟಿರಲಿಲ್ಲ.

ನನ್ನ ಹೆಂಡತಿ ಮಾತ್ರ ಆ ನರ್ಸರಿ ಬೇಡ ಎಂದಳು. ತ್ಯಾಗರಾಜನಗರದಲ್ಲಿ ಮಹಿಳಾ ಸಮಾಜದವರು ನಡೆಸುತ್ತಿದ್ದ ಒಂದು ಶಿಶುವಿಹಾರವನ್ನು ಅವಳೇ ನೋಡಿಕೊಂಡು ಬಂದಿದ್ದಳು. "ಅಲ್ಲಿ ಮಕ್ಕಳು ನಗ್ತಿದ್ವು ರೀ, ಅಷ್ಟು ಸಾಕು. ಮನೇಲಿ ಇಡೀ ದಿನ ನಿಮ್ಮ ಮುಖ ನೋಡ್ಕೊಂಡಿದ್ರೆ ಅವಳು ಇನ್ನೇನು ಕಲೀತಾಳೆ."

ಶಿಶುವಿಹಾರ ಎಂದರೆ ಒಂದು ಉದ್ದನೆಯ ಹಾಲು, ಕೆಂಪು ಗಾರೆ ನೆಲ, ಹೊರಗೆ ಮರಳಿನ ಗುಡ್ಡೆ, ಒಂದೇ ಒಂದು ಉಯ್ಯಾಲೆ. ಹದಿನೈದು ಹದಿನಾರು ಮಕ್ಕಳು, ಒಬ್ಬರು ಟೀಚರಮ್ಮ, ಒಬ್ಬಳು ಆಯಾ. ಟೀಚರಮ್ಮನಿಗೆ ಐವತ್ತು ದಾಟಿದ್ದಿರಬೇಕು. ಅವರು ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಮಕ್ಕಳು ಗಲಾಟೆ ಮಾಡಿದಷ್ಟೂ ಅವರ ದನಿ ತಗ್ಗುತ್ತಿತ್ತು, ಏನು ಹೇಳುತ್ತಿದ್ದಾರೆಂದು ಕೇಳಿಸಿಕೊಳ್ಳಲು ಮಕ್ಕಳೇ ಸುಮ್ಮನಾಗುತ್ತಿದ್ದರು. ನನಗೂ ಅದೇ ಚಿಕಿತ್ಸೆ.

ಮೊದಲ ದಿನ ನಾನು ಕಚೇರಿಗೆ ತಡವಾಗಿ ಬರುತ್ತೇನೆಂದು ಪರ್ಮಿಷನ್ ಹಾಕಿ, ಒಳಗೇ ಕೂತೆ. ಟೀಚರಮ್ಮ ಬೇಡ ಎನ್ನಲಿಲ್ಲ. ಮಕ್ಕಳ ಕುರ್ಚಿಯೊಂದನ್ನು ಕೊಟ್ಟರು. ಮಂಡಿ ಗದ್ದಕ್ಕೆ ತಾಗುವಂತೆ ಮೂರು ಗಂಟೆ ಕಾಲ ಕೂತಿದ್ದೆ, ಮಗಳು ನನ್ನ ಕಾಲಿಗೆ ಅಂಟಿಕೊಂಡೇ ಇದ್ದಳು. ಮೂರನೆಯ ದಿನ ಕುರ್ಚಿ ಬಾಗಿಲ ಹತ್ತಿರಕ್ಕೆ ಬಂತು. ಐದನೆಯ ದಿನ ವರಾಂಡಕ್ಕೆ. ಎಂಟನೆಯ ದಿನ ನನಗೆ ಕುರ್ಚಿಯೇ ಇರಲಿಲ್ಲ, ಕಾಂಪೌಂಡು ಗೋಡೆಗೆ ಒರಗಿ ನಿಂತಿದ್ದೆ. ಯಾರೂ ನನ್ನನ್ನು ಹೊರಗೆ ಹಾಕಲಿಲ್ಲ. ಆದರೂ ದಿನಕ್ಕೆ ಎರಡು ಗಜದಂತೆ ಹೊರಗೆ ಹೋಗುತ್ತಿದ್ದೆ. ಮಗಳು ಅದೇ ಲೆಕ್ಕದಲ್ಲಿ ಒಳಗೆ ಸರಿಯುತ್ತಿದ್ದಳು ಎಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ. ಅವಳು ಅಳುತ್ತಿರಬಹುದು ಎಂದುಕೊಂಡು ಕಿಟಕಿಯಲ್ಲಿ ಇಣುಕುತ್ತಿದ್ದೆ.

"ಸಾರ್, ನೀವು ಕಿಟಕೀಲಿ ನಿಂತ್ರೆ ಮಕ್ಳು ಹಾಡ್ ಮರೀತಾವೆ," ಎಂದು ಆಯಾ ಬಂದು ಹೇಳಿದಳು. "ನಿಮಗೇ ಟಾಟಾ ಮಾಡ್ತಾ ಕೂತ್ಕೊಂಡ್ಬಿಡ್ತಾವೆ."

ಎರಡನೆಯ ವಾರದ ಕೊನೆಯಲ್ಲಿ ಟೀಚರಮ್ಮನೇ ಗೇಟಿನವರೆಗೆ ಬಂದರು.

"ಮಗು ಸರಿಹೋಗಿ ನಾಲ್ಕು ದಿನ ಆಯ್ತು ಸಾರ್," ಎಂದರು. "ಈಗ ಕಾಯ್ತಿರೋದು ನಿಮಗೋಸ್ಕರ."

ಅಂದು ಕಚೇರಿಗೆ ಹೊತ್ತಿಗೆ ಸರಿಯಾಗಿ ಹೋದೆ. ಹಾಜರಿ ಪುಸ್ತಕದ ಮುಂದೆ ಕೂತಿದ್ದ ಸೂಪರಿಂಟೆಂಡೆಂಟರು ಗಡಿಯಾರವನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು.

ಶಿಶುವಿಹಾರ ಬಿಡುವ ಹೊತ್ತಿಗೆ ಹೆಂಡತಿ ಹೋಗಿ ಕರೆತರುತ್ತಿದ್ದಳು, ಅವಳ ಶಿಫ್ಟು ಬದಲಾದ ವಾರ ನಾನು. ದಾರಿಯಲ್ಲಿ ನನ್ನದು ಒಂದೇ ಪ್ರಶ್ನೆ.

"ಇವತ್ತು ಏನು ಕಲಿಸಿದ್ರು ಪುಟ್ಟಿ?"

"ನೀರು ಹುಯ್ದೆ."

"ಎಲ್ಲಿಗೆ?"

"ಚೊಂಬಿಂದ ಲೋಟಕ್ಕೆ. ಲೋಟದಿಂದ ಚೊಂಬಿಗೆ."

ಮಾರನೆಯ ದಿನ ಹುಣಸೆಬೀಜ ಒಂದು ಕಡೆ, ಹುರುಳಿಕಾಳು ಒಂದು ಕಡೆ. ಅದರ ಮಾರನೆಯ ದಿನ ಹಳೆಯ ಶರ್ಟೊಂದಕ್ಕೆ ಗುಂಡಿ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು. ಆಟ ಮುಗಿದ ಮೇಲೆ ಜಮಖಾನ ಸುತ್ತಿಡುವುದು. ಪಕ್ಕದ ಮೇಜಿನವನ ಮಗ ಝಡ್ ಮುಟ್ಟಿ ವಾಪಸು ಹೊರಟಿದ್ದ, ನನ್ನ ಮಗಳು ಜಮಖಾನ ಸುತ್ತುತ್ತಿದ್ದಳು. ಮದುವೆ ಛತ್ರದವರು ಇಂಟರ್ವ್ಯೂ ಮಾಡಿದ್ದರೆ ಅವಳಿಗೆ ಸೀಟು ಖಾತ್ರಿ ಇತ್ತು.

ಅಲ್ಲಿಯೂ ಅವಳು ಮಾತಾಡುತ್ತಿರಲಿಲ್ಲ ಎಂಬುದು ಇನ್ನೊಂದು ಕಸಿವಿಸಿ. ಎರಡು ತಿಂಗಳು ಒಂದು ಮಾತಿಲ್ಲ. ಟೀಚರಮ್ಮ ಅವಳನ್ನು ಮಾತಾಡು ಎಂದು ಒಂದು ಸಲವೂ ಕೇಳಲಿಲ್ಲವಂತೆ. ಅದರ ಬದಲು ತಟ್ಟೆ ಹಂಚುವ ಕೆಲಸ ಕೊಟ್ಟರು. ತಟ್ಟೆ ಕೊಡುತ್ತ ಹದಿನೈದು ಮಕ್ಕಳ ಮುಖ ನೋಡಲೇಬೇಕಲ್ಲ. ಆಗಸ್ಟಿನಲ್ಲೊಂದು ದಿನ ನಾನು ಕರೆಯಲು ಹೋದಾಗ ಅವರು ಮೆಟ್ಟಿಲಲ್ಲೇ ನನಗಾಗಿ ಕಾಯುತ್ತಿದ್ದರು.

"ಇವತ್ತು ನಿಮ್ಮ ಮಗಳು ಜಗಳ ಆಡಿದ್ಲು ಸಾರ್."

"ತಪ್ಪಾಯ್ತು ಮೇಡಂ. ಮನೇಲಿ ಬುದ್ಧಿ ಹೇಳ್ತೀನಿ."

"ಯಾಕೆ ಹೇಳ್ತೀರಿ? ಉಯ್ಯಾಲೆ ಮೇಲಿದ್ದ ಹುಡುಗನ್ನ ನಿಲ್ಲಿಸಿ, 'ನೀನು ಹತ್ತು ಸಲ ಆಡ್ದೆ, ಈಗ ನಂದು' ಅಂದ್ಲು. ಗಟ್ಟಿಯಾಗಿ ಅಂದ್ಲು. ಅವನು ಇಳ್ದ."

ಅವರ ಮುಖದಲ್ಲಿ ಸಂತೋಷವಿತ್ತು. ನಾನು ಕೇಳಿದ್ದು, "ಆ ಹುಡುಗನ ಮನೆಯವರು ಏನಾದ್ರೂ ಅಂದ್ರಾ?"

ಅವಳು ಮಾತಿನ ಜೊತೆಗೆ ಎಣಿಸುವುದನ್ನೂ ಕಲಿತಿದ್ದಳು, ತನ್ನ ಸರದಿಗೆ ಕಾಯುವುದನ್ನೂ ಕಲಿತಿದ್ದಳು ಎಂದು ಹೆಂಡತಿ ಹೇಳಿದ ಮೇಲೆ ನನಗೆ ಹೊಳೆಯಿತು. ಹೊಳೆದರೂ ಸಮಾಧಾನ ಉಳಿದದ್ದು ನಾಲ್ಕು ದಿನ. ಇಂಟರ್ವ್ಯೂನಲ್ಲಿ ಉಯ್ಯಾಲೆ ಇರುವುದಿಲ್ಲ ಎಂಬ ಯೋಚನೆ ಐದನೆಯ ದಿನ ಬಂತು.

ಡಿಸೆಂಬರಿನಲ್ಲಿ ಅವರೆಕಾಯಿ ಬಂತು. ಗಾಂಧಿಬಜಾರಿನಿಂದ ಹಿಡಿದು ನಮ್ಮ ಬೀದಿಯ ಮೋರಿಯವರೆಗೆ ಎಲ್ಲಿ ನೋಡಿದರೂ ಅವರೆ ಸಿಪ್ಪೆ. ಒಂದು ಶನಿವಾರ ನಾನು ಶಿಶುವಿಹಾರಕ್ಕೆ ಹೋದರೆ, ಹಾಲಿನ ನಡುವೆ ನೆನೆಸಿದ ಅವರೆಕಾಳಿನ ದೊಡ್ಡ ಬೇಸಿನ್ನು. ಸುತ್ತಲೂ ಮಕ್ಕಳು. ಹೆಬ್ಬೆರಳು ತೋರುಬೆರಳುಗಳ ನಡುವೆ ಕಾಳನ್ನು ಹಿಡಿದು ಹಿತುಕಿದರೆ ಬೇಳೆ ಪಟಕ್ಕನೆ ಹಾರಿ ಹೊರಗೆ ಬೀಳುತ್ತಿತ್ತು. ಒಂದು ನನ್ನ ಕನ್ನಡಕಕ್ಕೆ ತಗುಲಿತು. ಮಕ್ಕಳೆಲ್ಲ ನಕ್ಕವು, ನನ್ನ ಮಗಳು ಎಲ್ಲರಿಗಿಂತ ಗಟ್ಟಿಯಾಗಿ.

ನನಗೆ ನಗು ಬರಲಿಲ್ಲ. ಇಂಟರ್ವ್ಯೂಗೆ ನಾಲ್ಕು ತಿಂಗಳು ಉಳಿದಿದೆ, ಇಲ್ಲಿ ನನ್ನ ಮಗಳು ಯಾರದೋ ಮನೆಯ ಹಿತಕಿದ ಬೇಳೆ ಸಾರಿಗೆ ಬಿಟ್ಟಿ ದುಡಿಯುತ್ತಿದ್ದಾಳೆ ಎನ್ನಿಸಿತು. ಟೀಚರಮ್ಮನನ್ನು ವರಾಂಡಕ್ಕೆ ಕರೆದೆ. ನನ್ನಂಥವರಿಗೆ ಧೈರ್ಯ ಬರುವುದು ಅಪರೂಪ, ಬಂದಾಗ ಯಾವಾಗಲೂ ತಪ್ಪು ಜಾಗದಲ್ಲಿ ಬರುತ್ತದೆ.

"ಮೇಡಂ, ಬರವಣಿಗೆ ಯಾವಾಗ ಶುರು ಮಾಡ್ತೀರಿ?"

"ಮಾಡಿದೀವಲ್ಲ ಸಾರ್. ನೋಡಿದ್ರಲ್ಲ ಈಗ."

"ಅದು ಅವರೆಕಾಳು."

ಅವರು ನನ್ನ ಶರ್ಟಿನ ಜೇಬಿನಲ್ಲಿದ್ದ ಪೆನ್ನನ್ನು ಕೇಳಿ ತೆಗೆದುಕೊಂಡರು, ಒಂದು ಹಳೆಯ ಕವರಿನ ಹಿಂಬದಿಯನ್ನು ಮುಂದೆ ಹಿಡಿದರು. "ಎಡಗೈಲಿ ನಿಮ್ಮ ಸೈನ್ ಹಾಕಿ ನೋಡೋಣ."

ಹಾಕಿದೆ. ಹದಿನಾರು ವರ್ಷ ದಿನಕ್ಕೆ ಐವತ್ತು ಸಲ ಹಾಕಿದ ಸೈನು. ಅದು ಕವರಿನ ಮೇಲೆ ಎದ್ದು, ಬಿದ್ದು, ಒಂದು ಕಡೆ ಕಾಗದವನ್ನೇ ಹರಿದುಕೊಂಡು ನಿಂತಿತು. ನನ್ನ ನಾಲಿಗೆ ಯಾವಾಗಲೋ ಹೊರಗೆ ಬಂದಿತ್ತು.

"ನಿಮಗೆ ಅಕ್ಷರ ಗೊತ್ತಿಲ್ವಾ?"

"ಗೊತ್ತು. ಕೈ ಕೇಳ್ತಿಲ್ಲ."

"ಅವರಿಗೆ ಎರಡು ಕೈಯೂ ಹೀಗೇ ಇರುತ್ತೆ. ಬೆರಳಿಗೆ ಶಕ್ತಿ ಬರೋಕೆ ಮುಂಚೆ ಬಳಪ ಕೊಟ್ರೆ ಮುಷ್ಟೀಲಿ ಹಿಡೀತಾರೆ, ನೋಯುತ್ತೆ, ಬರೆಯೋದು ಅಂದ್ರೇ ನೋವು ಅಂದ್ಕೋತಾರೆ. ಕಾಳು ಹಿತುಕಿದ್ರೆ ಯಾರಿಗೂ ನೋವಾಗಲ್ಲ." ಪೆನ್ನು ವಾಪಸು ಕೊಡುತ್ತ ಸೇರಿಸಿದರು, "ಬೇಳೆ ನಮ್ಮನೆಗೆ ಹೋಗಲ್ಲ ಸಾರ್. ನಿಮ್ಮ ಪಾಲು ನಿಮ್ಮ ಮಗಳ ಡಬ್ಬೀಲಿದೆ."

ಅದನ್ನು ನಾನು ಬಾಯಿ ಬಿಟ್ಟು ಹೇಳಿರಲಿಲ್ಲ. ಮುಖ ಹೇಳಿರಬೇಕು. ಅಂದು ಮನೆಯಲ್ಲಿ ಸಾರು ಮಾಡುವಷ್ಟು ಇರಲಿಲ್ಲ, ಒಂದು ಹಿಡಿ. ಹೆಂಡತಿ ಉಪ್ಪಿಟ್ಟಿಗೆ ಹಾಕಿದಳು. ತನ್ನ ಬೇಳೆ ಯಾವುದು ಎಂದು ಮಗಳು ಪ್ರತಿಯೊಂದನ್ನೂ ಗುರುತಿಸಿ ತೋರಿಸಿದಳು.

ಇಷ್ಟಾದ ಮೇಲೆ ಬುದ್ಧಿ ಬಂದಿರಬೇಕಿತ್ತು. ಬರಲಿಲ್ಲ. ಶಿಶುವಿಹಾರ ಅದರ ಪಾಡಿಗೆ ಕಾಳು ಹಿತುಕಲಿ, ಅಕ್ಷರವನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಜನವರಿಯಲ್ಲಿ ಗುಟ್ಟಾಗಿ ಶುರು ಮಾಡಿದೆ. ಬೆಳಗ್ಗೆ ಸೈಕಲ್ಲಿನ ಮುಂದಿನ ಪುಟ್ಟ ಸೀಟಿನಲ್ಲಿ ಅವಳನ್ನು ಕೂರಿಸಿಕೊಂಡು, "ಎ ಫಾರ್?" ಎನ್ನುತ್ತ ಪೆಡಲು ತುಳಿಯುತ್ತಿದ್ದೆ. ಹೆಂಡತಿಗೆ ಸಂಜೆ ಶಿಫ್ಟಿರುವ ವಾರ ಇನ್ನೂ ಅನುಕೂಲ. ಸ್ಟೂಲಿನ ಹಿಂದೆ ನಾನು ಹೆಡ್‌ಮಿಸ್ಟ್ರೆಸ್ ಆಗಿ ಕೂರುತ್ತಿದ್ದೆ. ನಿಜದ ಅನುಭವ ಸಿಗಲಿ ಎಂದು ದನಿಯನ್ನು ಸ್ವಲ್ಪ ಗಡುಸು ಮಾಡಿಕೊಳ್ಳುತ್ತಿದ್ದೆ. ಅವಳು ಬಾಗಿಲು ತಟ್ಟಿ, ಒಳಗೆ ಬಂದು, ಗುಡ್ ಮಾರ್ನಿಂಗ್ ಹೇಳಿ, ಹೆಸರು ಹೇಳಬೇಕು. ಮೊದಲ ದಿನ ನಕ್ಕಳು. ಮೂರನೆಯ ದಿನ ಬಾಗಿಲು ತಟ್ಟಿದವಳು ಒಳಗೆ ಬರಲೇ ಇಲ್ಲ. ನಾನು ಕಾಯ್ದು ಕಾಯ್ದು ಎದ್ದು ಹೋಗಿ ನೋಡಿದರೆ ಬಾಗಿಲ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದ್ದಳು.

ಅಭ್ಯಾಸ ಸಾಲದು ಎಂದುಕೊಂಡು ದಿನಕ್ಕೆ ಎರಡು ಸಲ ಮಾಡಿದೆ.

ಹತ್ತು ದಿನ ಕಳೆದ ಮೇಲೆ ಟೀಚರಮ್ಮ ನನ್ನನ್ನು ನಿಲ್ಲಿಸಿಕೊಂಡರು. ಅವರ ದನಿ ಎಂದಿಗಿಂತ ತಗ್ಗಿತ್ತು, ನಾನು ಬಗ್ಗಿ ಕೇಳಿಸಿಕೊಳ್ಳಬೇಕಾಯಿತು.

"ಒಂದು ವಾರದಿಂದ ಮತ್ತೆ ಮಾತು ನಿಲ್ಲಿಸಿದಾಳೆ. ತಟ್ಟೆಯೂ ಹಂಚಲ್ಲ. ನಿನ್ನೆ ನಾನು ಹಣ್ಣಿನ ಚಿತ್ರ ತೋರಿಸಿದ್ರೆ ಆಪಲ್ ನೋಡಿ ಮೇಜಿನ ಕೆಳಗೆ ಹೋಗಿ ಕೂತ್ಲು. ಮನೇಲಿ ಏನು ನಡೀತಿದೆ?"

ಸುಳ್ಳು ಹೇಳಲು ಒಂದು ಕ್ಷಣ ಬೇಕು, ಆ ಕ್ಷಣವನ್ನು ಅವರು ಕೊಡಲಿಲ್ಲ.

"ಇಂಟರ್ವ್ಯೂ ಮಾಡ್ತಿದೀರಾ?"

"ಸ್ವಲ್ಪ."

"ನೀವೇ ಹೆಡ್‌ಮಿಸ್ಟ್ರೆಸ್ಸಾ?"

"ಬೇರೆ ಯಾರಿದಾರೆ ಮೇಡಂ ಮನೇಲಿ."

ಅವರಿಗೆ ನಗು ಬಂದಿರಬೇಕು, ನಗಲಿಲ್ಲ. "ಹೊರಗಿನೋರಿಗೆ ಹೆದರಿದ್ರೆ ನಿಮ್ಮ ಹತ್ರ ಓಡಿ ಬರ್ತಿದ್ಲು. ಈಗ ನೀವೇ ಹೊರಗಿನೋರಾಗಿ ಕೂತ್ರೆ ಎಲ್ಲಿಗೆ ಹೋಗ್ತಾಳೆ? ಗೋಡೆ ಹತ್ರ ಹೋಗ್ತಾಳೆ, ಮೇಜಿನ ಕೆಳಗೆ ಹೋಗ್ತಾಳೆ."

ನಾನು ನನ್ನ ಚಪ್ಪಲಿ ನೋಡುತ್ತ ನಿಂತೆ. ಬಾಗಿಲ ಹಿಂದೆ ಗೋಡೆಗೆ ಮುಖ ಮಾಡಿದ್ದನ್ನು ನಾನು ಅವರಿಗೆ ಹೇಳಿರಲಿಲ್ಲ. ಏಳೆಂಟು ತಿಂಗಳ ಅವರ ಕೆಲಸವನ್ನು ನಾನು ಹತ್ತು ದಿನದಲ್ಲಿ ಕೆಡವಿದ್ದೆ. ಚಿಂತೆ ಮಾಡುವವನಿಗೆ ತಾನು ಏನಾದರೂ ಮಾಡುತ್ತಿದ್ದೇನೆ ಎಂಬ ಭ್ರಮೆ ಇರುತ್ತದೆ. ನಿಜವಾಗಿಯೂ ಏನಾದರೂ ಮಾಡಿದಾಗ ಹೀಗಾಗುತ್ತದೆ.

"ಈಗ ಏನು ಮಾಡ್ಲಿ?"

"ಸೈಕಲ್ ಮೇಲೆ ಅವಳನ್ನ ಏನೂ ಕೇಳ್ಬೇಡಿ. ಅವಳು ಕೇಳಿದ್ರೆ ಉತ್ತರ ಹೇಳಿ, ಅಷ್ಟೆ."

ಅದು ಸುಲಭವಿರಲಿಲ್ಲ. ಪ್ರಶ್ನೆ ಕೇಳದೆ ಬನಶಂಕರಿಯಿಂದ ತ್ಯಾಗರಾಜನಗರದವರೆಗೆ ಸೈಕಲ್ ತುಳಿಯುವುದು ನನಗೆ ಉಸಿರು ಬಿಗಿಹಿಡಿದಷ್ಟು ಕಷ್ಟ. ಮೂರು ದಿನ ಅವಳೂ ಸುಮ್ಮನಿದ್ದಳು. ನಾಲ್ಕನೆಯ ದಿನ ಒಂದು ಎಮ್ಮೆ ದಾರಿಗೆ ಅಡ್ಡ ಬಂತು. "ಎಮ್ಮೆಗೆ ಗಂಟೆ ಹೊಡೆದ್ರೆ ಕೇಳುತ್ತಾ?" ಎಂದಳು. ಕೇಳುತ್ತೆ ಎಂದೆ. "ಮತ್ತೆ ಯಾಕೆ ಹೋಗಲ್ಲ?" ಗೊತ್ತಿಲ್ಲ ಎಂದೆ. ಅಲ್ಲಿಂದ ಶುರುವಾಯಿತು. ಬಸ್ಸಿನ ಹೊಗೆ ಎಲ್ಲಿಗೆ ಹೋಗುತ್ತೆ, ಕಟ್ಟುತ್ತಿರೋ ಮನೆಗೆ ದೃಷ್ಟಿಬೊಂಬೆ ಯಾಕೆ, ಆ ಬೊಂಬೆಯ ಪ್ಯಾಂಟು ಯಾರದು, ನಮ್ಮ ಮನೆಯ ನೆರಳು ನಮ್ಮ ಜೊತೆ ಯಾಕೆ ಬರಲಿಲ್ಲ. ಹತ್ತಕ್ಕೆ ಏಳು ನನಗೆ ಗೊತ್ತಿರಲಿಲ್ಲ. ಇಂಟರ್ವ್ಯೂ ಆಗಿದ್ದರೆ ನಾನು ಫೇಲು.

ಮಾರ್ಚ್ ಹೊತ್ತಿಗೆ ತಟ್ಟೆ ಹಂಚುವ ಕೆಲಸವನ್ನು ಅವಳು ವಾಪಸು ಕೇಳಿ ತೆಗೆದುಕೊಂಡಳಂತೆ. ಎ ಬಿ ಸಿ ಡಿ ಮಾತ್ರ ಇನ್ನೂ ಬರುತ್ತಿರಲಿಲ್ಲ. ನಾನು ಕೇಳಲಿಲ್ಲ. ಕೇಳಲಿಲ್ಲ ಎಂದ ಮಾತ್ರಕ್ಕೆ ಯೋಚಿಸಲಿಲ್ಲ ಎಂದಲ್ಲ. ರಾತ್ರಿಯ ಊಟದಲ್ಲಿ ಅನ್ನ ಕಲಸುತ್ತ ಕಲಸುತ್ತ ಕೈ ನಿಂತುಬಿಡುತ್ತಿತ್ತು, ಹೆಂಡತಿ "ರೀ, ಎಲ್ಲಿದೀರಾ?" ಎನ್ನುತ್ತಿದ್ದಳು. ಜಯನಗರದಲ್ಲಿದ್ದೆ, ಆ ಮುಚ್ಚಿದ ಬಾಗಿಲ ಮುಂದೆ.

ಇಂಟರ್ವ್ಯೂ ಒಂದು ಶನಿವಾರ ಬಂತು. ಹೆಂಡತಿಗೆ ಬೆಳಗಿನ ಶಿಫ್ಟು, ಬದಲಿ ಸಿಗಲಿಲ್ಲ. ಹೊರಡುವ ಮೊದಲು ಮಗಳಿಗೆ ಏನೂ ಹೇಳಲಿಲ್ಲ, ಜಡೆ ಹಾಕಿದಳು, ಅಷ್ಟೆ. ನನಗೆ ಹೇಳಿದಳು: "ಅವಳ ಚಿಂತೆ ನಂಗಿಲ್ಲ. ನೀವು ಸುಮ್ನೆ ಒಂದ್ಕಡೆ ಕೂತ್ಕೊಳ್ಳಿ."

ಚೈನು ಕಳಚಲಿಲ್ಲ. ಜ್ವರ ಬಂದಿರಲಿಲ್ಲ. ಶಾಲೆಯ ಉದ್ದನೆಯ ವರಾಂಡದಲ್ಲಿ ಬೆಂಚುಗಳು, ಬೆಂಚುಗಳ ಮೇಲೆ ಎಣ್ಣೆ ಹಚ್ಚಿ ತಲೆ ಬಾಚಿದ ಮಕ್ಕಳು, ಮಕ್ಕಳ ಕಿವಿಯಲ್ಲಿ ಕೊನೆಯ ಕ್ಷಣದ ಉತ್ತರಗಳನ್ನು ತುಂಬುತ್ತಿದ್ದ ತಂದೆತಾಯಿಗಳು. ಪಕ್ಕದ ಮೇಜಿನ ಸಹೋದ್ಯೋಗಿ ಅಲ್ಲೂ ಪಕ್ಕದಲ್ಲೇ ಸಿಕ್ಕಿದ. ಅವನ ಮಗ ಟೈ ಕಟ್ಟಿಕೊಂಡು, ಕೇಳದೇ ಇದ್ದರೂ ಎಲಿಫೆಂಟ್, ಫಿಶ್, ಗೋಟ್ ಎಂದು ಒಪ್ಪಿಸುತ್ತಿದ್ದ. ಹುಡುಗನ ಹಣೆಯಲ್ಲಿ ಬೆವರಿತ್ತು. ನನಗೆ ಅವನ ಮೇಲೆ ಮೊದಲ ಸಲ ಕನಿಕರ ಹುಟ್ಟಿತು.

ಅಟೆಂಡರು ನನ್ನ ಮಗಳ ಹೆಸರು ಕೂಗಿದ. "ಮಗು ಮಾತ್ರ ಬರ್ಲಿ. ಆಮೇಲೆ ನಿಮ್ಮನ್ನ ಕರೀತಾರೆ."

ಅವಳು ನನ್ನ ಬೆರಳನ್ನು ಹಿಡಿದಿದ್ದಳು. ಬಿಟ್ಟಳು. ಬಾಗಿಲವರೆಗೆ ಹೋಗಿ, ಪರದೆಯನ್ನು ತಾನೇ ಸರಿಸಿ, ಒಳಗೆ ಹೋದಳು. ನನ್ನ ಬೆರಳು ಹಾಗೇ ಗಾಳಿಯಲ್ಲಿತ್ತು.

ಸುಮ್ಮನೆ ಒಂದು ಕಡೆ ಕೂರಬೇಕಿತ್ತು, ಅಷ್ಟೇ. ನಾನು ಫೈಲು ತೆಗೆದು ಕಾಗದಗಳನ್ನು ನಾಲ್ಕನೆಯ ಸಲ ಜೋಡಿಸತೊಡಗಿದೆ. ಸಹೋದ್ಯೋಗಿ ಕತ್ತು ಚಾಚಿ ನೋಡಿದ.

"ಬರ್ತ್ ಸರ್ಟಿಫಿಕೇಟಿನ ಕಾಪಿಗೆ ಅಟೆಸ್ಟೇಷನ್ ಎಲ್ಲಿ ಗುರು?"

"ಒರಿಜಿನಲ್ಲೇ ಇದೆಯಲ್ಲ."

"ಒರಿಜಿನಲ್ ಅವ್ರು ನೋಡ್ತಾರೆ, ಕಾಪಿ ಇಟ್ಕೋತಾರೆ. ಗೆಜೆಟೆಡ್ ಆಫೀಸರ್ ಸೈನು, ಸೀಲು ಇಲ್ದೆ ಇದ್ರೆ ಅದು ಬರೀ ಪೇಪರ್ರು. ನೀನೂ ಸರ್ಕಾರಿ ನೌಕರ, ನಿಂಗೆ ನಾನು ಹೇಳ್ಕೊಡ್ಬೇಕಾ." ತನ್ನ ಪ್ರತಿಯನ್ನು ತೋರಿಸಿದ. ಕೆಳಗೆ ಹಸಿರು ಇಂಕು, ದುಂಡು ಸೀಲು. "ಹಿಂದಿನ ಕ್ರಾಸಲ್ಲೇ ಒಬ್ರು ಆಫೀಸರ್ ಇದಾರೆ. ನಂಗೂ ಅವ್ರೇ ಹಾಕಿಕೊಟ್ಟಿದ್ದು. ಐದು ನಿಮಿಷ."

ಹದಿನಾರು ವರ್ಷ ಬೇರೆಯವರ ಅರ್ಜಿಗಳನ್ನು ಸೀಲಿಲ್ಲ ಎಂದು ವಾಪಸು ಕಳಿಸಿದವನು ನಾನು. ಸೀಲಿಲ್ಲದ ಕಾಗದ ಹಿಡಿದು ಒಳಗೆ ಹೋಗುವುದನ್ನು ಊಹಿಸಿಕೊಳ್ಳಲೂ ಆಗಲಿಲ್ಲ. ಮಕ್ಕಳು ಹತ್ತು ಹದಿನೈದು ನಿಮಿಷ ಒಳಗಿರುತ್ತಿದ್ದರು. ಐದು ನಿಮಿಷದ ಕೆಲಸ. ಎದ್ದು ಓಡಿದೆ.

ಆಫೀಸರು ಮನೆಯಲ್ಲೇ ಇದ್ದರು, ಸ್ನಾನಕ್ಕೆ ಹೋಗಿದ್ದರು. ಅವರ ಮನೆಯವರು ಕೂರಿಸಿ ನೀರು ಕೊಟ್ಟರು. ಆಫೀಸರು ಬಂದು ಒರಿಜಿನಲ್ಲನ್ನೂ ಕಾಪಿಯನ್ನೂ ಸಾಲಿಗೆ ಸಾಲು ಬೆರಳಿಟ್ಟು ಹೋಲಿಸಿದರು. ನಾನೂ ಕಚೇರಿಯಲ್ಲಿ ಹಾಗೇ ಮಾಡುವವನಾದ್ದರಿಂದ ಅವಸರ ಮಾಡಿ ಎನ್ನಲು ಬಾಯಿ ಬರಲಿಲ್ಲ. ಸೈನು ಬಿತ್ತು.

"ಇದು ಸಾಕು ಸಾರ್," ಎಂದು ಕೈ ಚಾಚಿದೆ.

"ಸೀಲಿಲ್ದೆ ಹೆಂಗ್ರೀ ಸಾಕಾಗುತ್ತೆ," ಎಂದು ಅವರು ಬೀರುವಿನ ಬೀಗದ ಕೈ ಹುಡುಕಿದರು. ಸೀಲು ಸಿಕ್ಕಿತು, ಸ್ಟ್ಯಾಂಪ್ ಪ್ಯಾಡು ಒಣಗಿತ್ತು. ಎರಡು ಹನಿ ನೀರು ಹಾಕಿ, ಸೀಲಿನ ಮುಖಕ್ಕೆ ಬಾಯಿಂದ ಹಾ ಎಂದು ಉಸಿರು ಬಿಟ್ಟು, ಒತ್ತಿದರು. ಮಸಕಾಯಿತು. ಮತ್ತೊಂದು ಸಲ ಒತ್ತಿದರು. ನಾನು ಕೂತಲ್ಲೇ ಓಡುತ್ತಿದ್ದೆ.

ವಾಪಸು ಬಂದಾಗ ಸಹೋದ್ಯೋಗಿಯೂ ಅವನ ಮಗನೂ ಬೆಂಚಿನಲ್ಲಿರಲಿಲ್ಲ, ಒಳಗೆ ಹೋಗಿದ್ದರು. ಬೆಂಚಿನ ತುದಿಯಲ್ಲಿ ನನ್ನ ಮಗಳು ಒಬ್ಬಳೇ ಕೂತಿದ್ದಳು. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

"ಎಲ್ಲಿ ಹೋಗಿದ್ರಿ ಸಾರ್," ಎಂದ ಅಟೆಂಡರು. "ಮೂರು ಸಲ ಕೂಗ್ದೆ. ಮಗು ಈಚೆಗೆ ಬಂದು ಆ ಕಡೆ ಈ ಕಡೆ ನೋಡ್ತು. ಅಳುತ್ತೆ ಅಂದ್ಕೊಂಡೆ. ನನ್ನ ಹತ್ರಾನೇ ಬಂದು, ನಮ್ಮಪ್ಪನ್ನ ನೋಡಿದ್ರಾ, ಕನ್ನಡಕ ಹಾಕಿದಾರೆ, ಬಿಳೀ ಶರ್ಟು, ಕೈಲಿ ಫೈಲಿದೆ, ಅಂತ ಕೇಳ್ತು. ಇಲ್ಲಮ್ಮ ಅಂದೆ. ಬರ್ತಾರೆ ಅಂತ ಹೇಳಿ, ಒಳಗೆ ಹೋಗಿ ಬಂದು ಕೂತ್ಕೊಂಡ್ತು."

ಮಗಳು ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಕೂತ್ಕೋಪ್ಪ. ಇನ್ನಿಬ್ರು ಆದ್ಮೇಲೆ ಅಂತೆ."

ಕೊನೆಗೆ ನಮ್ಮನ್ನು ಕರೆದರು. ಹೆಡ್‌ಮಿಸ್ಟ್ರೆಸ್ಸರು ನನ್ನ ಫೈಲನ್ನು ತೆರೆಯಲೇ ಇಲ್ಲ. ಕಾಗದವನ್ನೆಲ್ಲ ಜೂನ್‌ನಲ್ಲಿ ಆಫೀಸಿಗೆ ಕೊಡಿ ಎಂದರು. ಇಂಗ್ಲಿಷಿನಲ್ಲಿ ಹೆಸರು ಕೇಳಿದ್ದಕ್ಕೆ ನಿಮ್ಮ ಮಗಳು, 'ನಂಗೆ ಇಂಗ್ಲಿಷ್ ಬರಲ್ಲ, ಕನ್ನಡದಲ್ಲಿ ಕೇಳಿ' ಎಂದಳು ಎಂದು ಹೇಳಿದರು. ನನ್ನ ಮುಖ ನೋಡಿ, "ಗಾಬರಿ ಯಾಕೆ, ಅಷ್ಟು ಹೇಳೋ ಮಗು ಇವತ್ತು ಇನ್ನೊಂದಿರಲಿಲ್ಲ," ಎಂದರು. ಅಕ್ಷರ ನಾವು ಕಲಿಸ್ತೀವಿ, ಹೇಳಿದ್ದನ್ನ ಕೇಳಿಸ್ಕೊಂಡು ಮಾಡ್ತಾಳೆ, ಬೆರಳೂ ಚುರುಕಾಗಿದೆ, ಎಲ್ಲಿಗೆ ಹೋಗ್ತಿದ್ಲು ಎಂದು ಕೇಳಿದರು. ನಾನು ಶಿಶುವಿಹಾರದ ಹೆಸರು ಹೇಳಿದೆ. ಗೊತ್ತು ಎನ್ನುವಂತೆ ತಲೆಯಾಡಿಸಿದರು. ಸೀಟಿನ ವಿಷಯ ಪ್ರಶ್ನೆಯೇ ಅಲ್ಲ ಎಂಬಂತೆ ಯೂನಿಫಾರ್ಮಿನ ಚೀಟಿ ಕೊಟ್ಟರು.

ಸೈಕಲ್ ಸ್ಟ್ಯಾಂಡಿನಲ್ಲಿ ಅವಳನ್ನು ಎತ್ತಿ ಸೀಟಿನಲ್ಲಿ ಕೂರಿಸಿದೆ. ಸಂತೋಷಕ್ಕೆ ನನ್ನ ಕಾಲು ಪೆಡಲಿನ ಮೇಲೆ ನಿಲ್ಲುತ್ತಿರಲಿಲ್ಲ. ಸೌತ್ ಎಂಡ್ ಸರ್ಕಲ್ಲು ದಾಟಿದೆವು. ಆಮೇಲೆ ಅವಳು ಕೇಳಿದಳು.

"ನೀನು ಎಲ್ಲಿಗೆ ಹೋಗಿದ್ದೆ?"

"ಪೇಪರಿಗೆ ಸೈನ್ ಹಾಕ್ಸೋಕೆ."

"ಮಿಸ್ಸು ಅದನ್ನ ನೋಡಿದ್ರಾ?"

"ಇಲ್ಲ."

"ನಾನು ಮಣಿ ಪೋಣಿಸಿ ಸರ ಮಾಡಿದ್ದೆ. ಹೋಗಿ ಅಪ್ಪಂಗೆ ತೋರಿಸ್ಕೊಂಡು ಬಾ ಅಂದ್ರು. ತಗೊಂಡ್ ಬಂದೆ. ನೀನಿರ್ಲಿಲ್ಲ."

"ಎಲ್ಲಿ ಈಗ?"

"ಅಲ್ಲೇ. ವಾಪಸ್ ಒಳಗೆ ಹೋಗಿ, ಬಿಚ್ಚಿ ಡಬ್ಬಿಗೆ ಹಾಕ್ಬಿಟ್ಟೆ. ಇನ್ನೊಂದು ಪಾಪಂಗೆ ಬೇಕಲ್ಲ."

ನಾನು ಸೈಕಲ್ ನಿಧಾನ ಮಾಡಿದೆ. ಯಾವ ಯಾವ ಬಣ್ಣದ ಮಣಿ ಇತ್ತು ಎಂದು ಕೇಳಿದೆ. ಅವಳು ಹ್ಯಾಂಡಲಿನ ಗಂಟೆಯನ್ನು ಒಂದು ಸಲ ಬಾರಿಸಿದಳು.

"ಹೇಳಕ್ಕಾಗಲ್ಲ ಅಪ್ಪ. ನೋಡ್ಬೇಕಿತ್ತು."